ಹುಲ್ಲಿನಲ್ಲೇ ಮೈಗೂಡುವ ಮಾಂಸದ ದನ: ತಳಿಗೆ ಉಳಿಸುವ ಹಸು, ಕಡಸು, ಹೋರಿಗಳ ಆಯ್ಕೆ

ಧಾನ್ಯವನ್ನಾಗಲಿ ಹಿಂಡಿಯನ್ನಾಗಲಿ ನೆಚ್ಚದೆ, ಹಸಿ ಹುಲ್ಲು ಮತ್ತು ಒಣಮೇವಿನ ಮೇಲೆಯೇ ಮಾಂಸದ ದನಗಳನ್ನು ಬೆಳೆಸಬೇಕೆಂದಿರುವವರಿಗೆ ಯಾವ ಪ್ರಾಣಿಯನ್ನು ತಳಿಗೆ ಉಳಿಸಬೇಕು ಎಂಬ ನಿರ್ಧಾರ ಉಳಿದೆಲ್ಲ ನಿರ್ಧಾರಗಳಿಗಿಂತ ದೊಡ್ಡದು. ಕಟ್ಟಿ ಹಾಕಿ ದಾಣಿ ತಿನ್ನಿಸುವ ಕಡೆ ಮೆಚ್ಚುಗೆ ಪಡೆಯುವ ಎತ್ತರ, ಭಾರಿ ತೂಕ, ಹೆಚ್ಚು ಹಾಲು ಮುಂತಾದ ಗುಣಗಳು ಹುಲ್ಲುಗಾವಲಿನಲ್ಲಿ ಅನೇಕ ವೇಳೆ ಹೊರೆಯಾಗುತ್ತವೆ. ಏಕೆಂದರೆ ಅಲ್ಲಿ ಮೇವಿನ ಗುಣ ಋತುವಿನೊಡನೆ ಏರಿಳಿಯುತ್ತದೆ, ಪ್ರಾಣಿ ತನ್ನ ಆಹಾರವನ್ನು ನಡೆದು ಹುಡುಕಿಕೊಳ್ಳಬೇಕಾಗುತ್ತದೆ, ಮತ್ತು ಕೊರತೆಯ ತಿಂಗಳುಗಳನ್ನು ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದ ದಾಟಬೇಕಾಗುತ್ತದೆ. ವರ್ಷವರ್ಷವೂ ಸಕಾಲಕ್ಕೆ ಗಬ್ಬವಾಗಿ, ಕರುವನ್ನು ಸಾಕಿ, ಮತ್ತೆ ಮೈ ತುಂಬಿಕೊಳ್ಳುವ ಹಸುವೇ ಇಲ್ಲಿ ಆಯ್ಕೆಯ ಅಳತೆಗೋಲು. ಕಣ್ಣಂದಾಜು, ತೂಕದ ಪಟ್ಟಿ, ಪ್ರಾಣಿ ಮಕ್ಕಳಿಗೆ ಎಂಥ ಗುಣ ಇಳಿಸೀತೆಂದು ಅಂದಾಜಿಸುವ ತಳಿಮೌಲ್ಯದ ಅಂಕಿಗಳು ಆ ಅಳತೆಗೆ ಒದಗುವ ನೆರವುಗಳು ಮಾತ್ರ.

ಮೈಗಾತ್ರದ ಲೆಕ್ಕ

ಮೊದಲು ಇತ್ಯರ್ಥವಾಗಬೇಕಾದದ್ದು ಹಸು ಎಷ್ಟು ದೊಡ್ಡದಿರಬೇಕು ಎಂಬುದು. ಪ್ರಾಣಿಯೊಂದು ಬೆಳೆಯದೆ, ಹಾಲು ಕೊಡದೆ, ಸುಮ್ಮನೆ ಇದ್ದ ಸ್ಥಿತಿಯಲ್ಲೇ ಇರಲು ಬೇಕಾಗುವ ಶಕ್ತಿ ಅದರ ತೂಕದ 0.75ನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಈ ಸೂತ್ರದಂತೆ 500 ಕಿಲೋ ತೂಗುವ ಹಸುವಿಗಿಂತ 650 ಕಿಲೋ ತೂಗುವ ಹಸು ತನ್ನ ಮೈ ಉಳಿಸಿಕೊಳ್ಳಲು ಸುಮಾರು ಶೇಕಡ 22ರಷ್ಟು ಹೆಚ್ಚು ಶಕ್ತಿಯನ್ನು ಬೇಡುತ್ತದೆ. ಅಂದರೆ ನೂರು ದೊಡ್ಡ ಹಸುಗಳ ನಿರ್ವಹಣೆಗೆ ಸಾಲುವ ಹುಲ್ಲಿನಲ್ಲಿ ಸುಮಾರು 122 ಮಧ್ಯಮ ಹಸುಗಳು ಬದುಕಬಲ್ಲವು. ಸಣ್ಣ ಹಸು 220 ಕಿಲೋದ ಕರುವನ್ನು ಹಾಲು ಬಿಡಿಸುವ ಹೊತ್ತಿಗೆ ಕೊಡುತ್ತದೆಂದಿಟ್ಟುಕೊಂಡರೆ, ದೊಡ್ಡ ಹಸು ಸರಿಸಮ ನಿಲ್ಲಬೇಕಾದರೆ ಅದರ ಕರು 268 ಕಿಲೋ ತೂಗಬೇಕು. ಹುಲ್ಲಿನಲ್ಲಿ ಅಷ್ಟು ಅಂತರ ಬರುವುದು ಅಪರೂಪ. ಕರುವೊಂದರ ತೂಕವನ್ನು ನೋಡುವವರು ದೊಡ್ಡ ಹಸುವನ್ನು ಮೆಚ್ಚುತ್ತಾರೆ. ಹೆಕ್ಟೇರಿಗೆ ದೊರೆತ ಒಟ್ಟು ತೂಕವನ್ನು ನೋಡುವವರು ಮಧ್ಯಮ ಹಸುವಿನ ಕಡೆ ವಾಲುತ್ತಾರೆ. ಭೂಮಿ ಮತ್ತು ಹುಲ್ಲು ಮಿತಿಯಲ್ಲಿರುವಾಗ ಎರಡನೆಯ ನೋಟವೇ ಸರಿಯೆಂದು ನನ್ನ ಅಭಿಪ್ರಾಯ.

ಬಹುತೇಕ ಹುಲ್ಲುಗಾವಲುಗಳಲ್ಲಿ ಬೆಳೆದ ಹಸು 450ರಿಂದ 550 ಕಿಲೋದೊಳಗೆ ಇದ್ದರೆ ಲೆಕ್ಕ ಕೂಡಿಬರುತ್ತದೆ. ಮೇವು ಬಡವಾಗಿರುವ ಒಣ ನೆಲದಲ್ಲಿ ಇದಕ್ಕಿಂತ ಸಣ್ಣ ಮೈಕಟ್ಟು, ವರ್ಷವಿಡೀ ಸೊಂಪಾದ ಹುಲ್ಲಿರುವ ಕಡೆ ತುಸು ದೊಡ್ಡ ಮೈಕಟ್ಟು ಹೊಂದುತ್ತದೆ. ಗಾತ್ರದ ಪ್ರಶ್ನೆ ಮಾಂಸದ ಗುಣಕ್ಕೂ ತಗಲುತ್ತದೆ. ಉದ್ದ ಕಾಲಿನ, ತಡವಾಗಿ ಬಲಿಯುವ ಪ್ರಾಣಿ ಹುಲ್ಲಿನಿಂದ ಬಂದ ಶಕ್ತಿಯನ್ನೆಲ್ಲ ಮೂಳೆ ಮತ್ತು ಸ್ನಾಯುವಿನ ಬೆಳವಣಿಗೆಗೆ ಸುರಿಯುತ್ತಲೇ ಇರುತ್ತದೆ. ಅದರ ಮೈಯಲ್ಲಿ ಕೊಬ್ಬು ಕೂಡುವ ಹೊತ್ತಿಗೆ ಎರಡು ಕೊರತೆಯ ಋತುಗಳು ಕಳೆದಿರುತ್ತವೆ. ಬೇಗ ಬಲಿಯುವ, ಮಧ್ಯಮ ಎತ್ತರದ ವಂಶದ ಗಂಡು ಕರುಗಳು ಒಳ್ಳೆಯ ಹುಲ್ಲಿನಲ್ಲಿ 18ರಿಂದ 30 ತಿಂಗಳೊಳಗೆ ಬಾಲದ ಬುಡದಲ್ಲಿ, ಪಕ್ಕೆಯ ಮೇಲೆ, ಎದೆಯ ಮುಂಭಾಗದಲ್ಲಿ ಕೊಬ್ಬು ತುಂಬಿಕೊಂಡು ಸಿದ್ಧವಾಗುತ್ತವೆ. ಆದುದರಿಂದ ಹಸುವೊಂದನ್ನು ಅಳೆಯುವಾಗ ಅದರ ಬೀಜ ಒಡೆದ ಗಂಡುಮಕ್ಕಳು ಯಾವ ವಯಸ್ಸಿನಲ್ಲಿ ಮೈ ತುಂಬಿದವು ಎಂಬುದನ್ನೂ ವಿಚಾರಿಸಬೇಕು.

ಹಾಲಿನ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು. ಹಾಲು ಹೆಚ್ಚಿದ್ದರೆ ಕರು ಚೆನ್ನಾಗಿ ಬೆಳೆಯುತ್ತದೆ, ನಿಜ. ಆದರೆ ಹೆಚ್ಚು ಹಾಲಿನ ವಂಶದ ಹಸುಗಳಲ್ಲಿ ಕರುಳು, ಯಕೃತ್ತು ಮುಂತಾದ ಒಳ ಅಂಗಗಳ ಕೆಲಸ ಹೆಚ್ಚಿರುವುದರಿಂದ ಹಾಲು ಬತ್ತಿದ ತಿಂಗಳುಗಳಲ್ಲೂ ಅವುಗಳ ನಿರ್ವಹಣೆಯ ಖರ್ಚು ಇಳಿಯುವುದಿಲ್ಲ. ಹುಲ್ಲು ಸಾಲದಾದಾಗ ಅಂಥ ಹಸು ಕರುವಿಗೆ ಹಾಲು ಕೊಡುವುದನ್ನು ನಿಲ್ಲಿಸದೆ ತನ್ನ ಮೈಯನ್ನು ಕರಗಿಸಿಕೊಳ್ಳುತ್ತದೆ, ಮತ್ತು ಆ ವರ್ಷ ಬೆದೆಗೆ ಬರುವುದಿಲ್ಲ.

ಕಾಲದ ಲೆಕ್ಕ

ಹಸುವಿನ ಗರ್ಭಾವಧಿ ಸರಾಸರಿ 283 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಕರು ಹಾಕಿದ 82 ದಿನಗಳೊಳಗೆ ಅದು ಮತ್ತೆ ಗಬ್ಬವಾಗಬೇಕು. ಈ 82 ದಿನಗಳಲ್ಲಿ ಗರ್ಭಕೋಶ ಮೊದಲಿನ ಸ್ಥಿತಿಗೆ ಬರಲು ಸುಮಾರು ನಲವತ್ತು ದಿನ ಹೋಗುತ್ತದೆ; ಬೆದೆ 21 ದಿನಕ್ಕೊಮ್ಮೆ ಬರುವುದರಿಂದ ಉಳಿಯುವುದು ಹೆಚ್ಚೆಂದರೆ ಎರಡು ಅವಕಾಶ. ಕರುವಿಗೆ ಹಾಲೂಡುತ್ತ, ಹುಲ್ಲನ್ನು ಮಾತ್ರ ತಿನ್ನುತ್ತ, ಈ ಇಕ್ಕಟ್ಟಾದ ಕಿಂಡಿಯಲ್ಲಿ ಪ್ರತಿವರ್ಷ ನುಸುಳಿ ಬರುವ ಹಸು ಆ ನೆಲಕ್ಕೆ ಹೊಂದಿಕೊಂಡಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಪರೀಕ್ಷೆಯನ್ನು ನಡೆಸುವ ಉಪಕರಣವೆಂದರೆ ಹೋರಿಯನ್ನು ಹಿಂಡಿನೊಡನೆ ಬಿಡುವ ಅವಧಿಯನ್ನು ಮೊಟಕುಗೊಳಿಸುವುದು. ವರ್ಷವಿಡೀ ಹೋರಿ ಹಿಂಡಿನಲ್ಲಿದ್ದರೆ ಹದಿನಾಲ್ಕು ತಿಂಗಳಿಗೊಮ್ಮೆ ಕರು ಹಾಕುವ ಹಸುವೂ ಹನ್ನೆರಡು ತಿಂಗಳಿಗೊಮ್ಮೆ ಹಾಕುವ ಹಸುವೂ ನೋಡುವವರಿಗೆ ಒಂದೇ ತರಹ ಕಾಣುತ್ತವೆ. 63 ದಿನ, ಅಂದರೆ ಮೂರು ಬೆದೆಗಳ ಕಾಲ ಮಾತ್ರ ಹೋರಿಯನ್ನು ಬಿಟ್ಟು, ಅದನ್ನು ಹೊರಗೆ ತೆಗೆದ ನಲವತ್ತೈದು ದಿನಗಳ ನಂತರ ಪಶುವೈದ್ಯರಿಂದ ಗರ್ಭಪರೀಕ್ಷೆ ಮಾಡಿಸಿದರೆ ಗಬ್ಬವಾದವು ಯಾವುವು, ಗೊಡ್ಡು ಬಿದ್ದವು ಯಾವುವು ಎಂಬುದು ಸ್ಪಷ್ಟವಾಗುತ್ತದೆ. ಹಿಂಡು ಹೊಂದಿಕೊಂಡಂತೆ ಅವಧಿಯನ್ನು 45 ದಿನಕ್ಕೆ ಇಳಿಸಬಹುದು. ಸಡಿಲವಾಗಿ ನಡೆಯುತ್ತಿದ್ದ ಹಿಂಡಿನಲ್ಲಿ ಒಂದೇ ವರ್ಷಕ್ಕೆ ಇಷ್ಟು ಬಿಗಿ ಮಾಡಿದರೆ ಅರ್ಧ ಹಿಂಡನ್ನೇ ಮಾರಬೇಕಾದೀತು, ಆದುದರಿಂದ ಎರಡು ಮೂರು ವರ್ಷಗಳಲ್ಲಿ ಹಂತಹಂತವಾಗಿ ಇಳಿಸುವುದು ಲೇಸು. ಕರು ಹಾಕುವ ಕಾಲವನ್ನು ಹುಲ್ಲು ಚಿಗುರುವ ಕಾಲಕ್ಕೆ ಹೊಂದಿಸುವುದೂ ಇದರೊಡನೆ ನಡೆಯಬೇಕು. ಒಣಹುಲ್ಲಿನ ಕಾಲದಲ್ಲಿ ಕರು ಹಾಕಿಸಿ ಹಸು ಗಬ್ಬವಾಗಲಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ.

ಗೊಡ್ಡು ಬಿದ್ದ ಹಸುವನ್ನು ಎಷ್ಟೇ ಅಂದವಾಗಿದ್ದರೂ ಹಿಂಡಿನಿಂದ ತೆಗೆಯಬೇಕು ಎಂಬ ನಿಯಮವನ್ನು ಪಾಲಿಸುವವರು ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಬೆಳವಣಿಗೆಯ ವೇಗದ ಅನುವಂಶೀಯತೆ (ಪ್ರಾಣಿ ಪ್ರಾಣಿಗಳ ನಡುವಿನ ವ್ಯತ್ಯಾಸದಲ್ಲಿ ವಂಶದಿಂದ ಬಂದ ಪಾಲು) ಸುಮಾರು ಶೇಕಡ 30ರಿಂದ 40ರಷ್ಟಿದ್ದರೆ, ಗರ್ಭಧಾರಣೆಯ ಗುಣದ್ದು ಶೇಕಡ 10ರ ಆಸುಪಾಸು. ಹೀಗಾಗಿ ಗೊಡ್ಡು ಹಸುಗಳನ್ನು ತೆಗೆದ ಮಾತ್ರಕ್ಕೆ ಮುಂದಿನ ಪೀಳಿಗೆ ಬದಲಾಗಿಬಿಡುವುದಿಲ್ಲ. ಮೊದಲ ಲಾಭ ಖರ್ಚು ಉಳಿಯುವುದರಲ್ಲಿದೆ, ತಳಿಯ ಲಾಭ ನಿಧಾನವಾಗಿ ಬರುತ್ತದೆ. ತಳಿಯ ಲಾಭವನ್ನು ಚುರುಕುಗೊಳಿಸಲು ದಾರಿಗಳು ಎರಡು. ಎಂಟು ಹತ್ತು ವರ್ಷ ತಪ್ಪದೆ ಸಕಾಲಕ್ಕೆ ಕರು ಹಾಕಿದ ಹಸುಗಳ ಗಂಡುಮಕ್ಕಳನ್ನೇ ಹೋರಿಯಾಗಿ ಬಳಸುವುದು ಮೊದಲನೆಯದು. ಎರಡನೆಯದು, ದೂರದ ಸಂಬಂಧದ ಎರಡು ತಳಿಗಳನ್ನು ಬೆರೆಸಿ ಪಡೆದ ಹಸುಗಳನ್ನು ಇಟ್ಟುಕೊಳ್ಳುವುದು: ಅನುವಂಶೀಯತೆ ಕಡಿಮೆಯಿರುವ ಗುಣಗಳಲ್ಲೇ, ಅಂದರೆ ಗರ್ಭಧಾರಣೆ, ಕರುವಿನ ಉಳಿವು, ದೀರ್ಘಾಯಸ್ಸುಗಳಲ್ಲೇ, ಬೆರಕೆಯ ಹುರುಪು ಹೆಚ್ಚಾಗಿ ಕಾಣುತ್ತದೆ.

ಮೇಲಾಗಿ, ಒಂದು ವರ್ಷ ಹಿಂಡಿನ ಬಹುಭಾಗ ಗೊಡ್ಡು ಬಿದ್ದರೆ ದೋಷ ಹಸುಗಳದ್ದಲ್ಲ. ಹೋರಿ ಬಂಜೆಯಾಗಿರಬಹುದು, ಖನಿಜಗಳ ಕೊರತೆಯಿರಬಹುದು, ಗರ್ಭ ಕಂದಿಸುವ ರೋಗ ಹೊಕ್ಕಿರಬಹುದು, ಇಲ್ಲವೇ ಹುಲ್ಲಿಗೆ ಮೀರಿ ದನಗಳಿರಬಹುದು. ಉಪವಾಸ ಕೆಡವಿ ಉಳಿದವನ್ನು ಆರಿಸುವುದಕ್ಕೆ ಆಯ್ಕೆಯೆಂಬ ಹೆಸರು ಸಲ್ಲದು. ಹಾಗೆಯೇ ಸೊರಗಿದ ಹಸುವಿಗೆ ಮಾತ್ರ ಬೇರೆಯಾಗಿ ದಾಣಿ ಹಾಕಿ ಮೈಗೂಡಿಸಿ ಗಬ್ಬ ಕಟ್ಟಿಸಿದರೆ, ದಾಣಿ ಬೇಡುವ ವಂಶವನ್ನೇ ಹಿಂಡಿನಲ್ಲಿ ಹೆಚ್ಚಿಸಿದಂತಾಗುತ್ತದೆ.

ಮೈ ನೋಡುವ ಬಗೆ

ದಾಖಲೆಯ ನಂತರದ ಕೆಲಸ ಕಣ್ಣಿನದು. ಹುಲ್ಲು ಜೀರ್ಣವಾಗುವುದು ರುಮೆನ್ ಎಂಬ ದೊಡ್ಡ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಂದ, ಮತ್ತು ನಾರಿನ ಮೇವು ಅಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಆದ್ದರಿಂದ ಆ ಹೊಟ್ಟೆಗೆ ಜಾಗ ಬೇಕು. ಹಸುವನ್ನು ಪಕ್ಕದಿಂದ ನೋಡಿದಾಗ ಎದೆಯ ಆಳ ಕಾಲಿನ ಉದ್ದಕ್ಕಿಂತ ಕಡಿಮೆಯಿರಬಾರದು. ಮುಂಗಾಲಿನ ಹಿಂದೆ ಎದೆಸುತ್ತು ತುಂಬಿಕೊಂಡಿರಬೇಕು. ಪಕ್ಕೆಲುಬುಗಳು ಬೆನ್ನಿನಿಂದ ಹೊರಕ್ಕೆ ಬಾಗಿ ಕೆಳಗಿಳಿಯಬೇಕು. ಹಿಂಗಾಲಿನ ಮುಂದಿನ ಕಿಬ್ಬೊಟ್ಟೆ ಮೇಲಕ್ಕೆ ಎಳೆದುಕೊಂಡಿರಬಾರದು. ಹಿಂದೆ ನಿಂತು ನೋಡಿದಾಗ ಸೊಂಟದ ಮೂಳೆಗಳಿಗಿಂತ ಹೊಟ್ಟೆ ಅಗಲವಾಗಿ ಕಾಣುವ ಹಸು ಹುಲ್ಲನ್ನು ಮಾಂಸವಾಗಿಸುವ ಹಸು. ಮೇಲಿನಿಂದ ನೋಡಿದರೆ ಮುಂದೆ ಕಿರಿದಾಗಿ ಹಿಂದೆ ಅಗಲವಾಗುತ್ತ ಬರುವುದು ಹೆಣ್ಣಿನ ಲಕ್ಷಣ. ಭುಜ ದಪ್ಪವಾಗಿ, ಕತ್ತು ಹೋರಿಯಂತೆ ಒರಟಾಗಿ, ಕೆಚ್ಚಲಿನ ಬುಡದಲ್ಲಿ ಕೊಬ್ಬಿನ ಗಂಟು ಕಟ್ಟಿಕೊಂಡು ಮೈತುಂಬ ನುಣುಪಾಗಿರುವ ಹಸು ಅನೇಕ ವೇಳೆ ಗೊಡ್ಡು. ಮಾರುವವರು ಅದನ್ನೇ ಮುಂದೆ ತಂದು ನಿಲ್ಲಿಸುವುದು ಸಹಜ, ಏಕೆಂದರೆ ಕರು ಸಾಕದ ಹಸುವಿನ ಮೈ ಯಾವಾಗಲೂ ಮಿರುಗುತ್ತದೆ.

ದೇಹಸ್ಥಿತಿಗೆ 1ರಿಂದ 9ರವರೆಗೆ ಅಂಕ ಕೊಡುವ ಪದ್ಧತಿಯಿದೆ. 1 ಎಂದರೆ ಎಲುಬಿನ ಹಂದರ, 9 ಎಂದರೆ ಅತಿ ಕೊಬ್ಬು. ಕರು ಹಾಕುವಾಗ ಬೆಳೆದ ಹಸು 5ರಲ್ಲಿ, ಮೊದಲ ಸೂಲಿನ ಕಡಸು 6ರ ಹತ್ತಿರ ಇರುವುದು ಅಪೇಕ್ಷಣೀಯ. ಈ ಅಂಕವನ್ನು ಕರು ಹಾಕುವಾಗ, ಹೋರಿ ಬಿಡುವಾಗ, ಕರುವಿಗೆ ಹಾಲು ಬಿಡಿಸುವಾಗ ಮೂರು ಸಲ ಬರೆದಿಟ್ಟುಕೊಂಡರೆ ಯಾವ ಹಸು ಹಾಲೂಡುತ್ತಲೂ ಮೈ ಕಾಯ್ದುಕೊಳ್ಳುತ್ತದೆ, ಯಾವುದು ಕರಗುತ್ತದೆ ಎಂಬುದು ಎರಡು ವರ್ಷಗಳಲ್ಲಿ ತಿಳಿದುಬಿಡುತ್ತದೆ. ಒಂದೇ ಹುಲ್ಲು ಮೇದು, ಒಂದೇ ತೂಕದ ಕರು ಸಾಕಿ, ಒಂದು ಹಸು 5ರಲ್ಲೂ ಇನ್ನೊಂದು 3ರಲ್ಲೂ ನಿಂತಿದ್ದರೆ ಯಾವುದರ ಮಗಳನ್ನು ಉಳಿಸಬೇಕೆಂಬುದರಲ್ಲಿ ಅನುಮಾನವಿರಬಾರದು.

ಬಾಯಿ, ಕಾಲು, ಕೆಚ್ಚಲು ಈ ಮೂರನ್ನು ಮುಟ್ಟಿ ನೋಡಬೇಕು. ದನಕ್ಕೆ ಮುಂದಿನ ಹಲ್ಲುಗಳಿರುವುದು ಕೆಳದವಡೆಯಲ್ಲಿ ಮಾತ್ರ, ಎಂಟು. ಅವು ಮೇಲಿನ ಗಟ್ಟಿ ವಸಡಿಗೆ ಸರಿಯಾಗಿ ತಾಗದಿದ್ದರೆ ಗಿಡ್ಡ ಹುಲ್ಲನ್ನು ಕತ್ತರಿಸಲಾಗದು. ಅಗಲ ಮೂತಿ ಇರುವ ಪ್ರಾಣಿ ತುತ್ತಿಗೆ ಹೆಚ್ಚು ಹುಲ್ಲು ಹಿಡಿಯುತ್ತದೆ. ಹಾಲುಹಲ್ಲು ಬಿದ್ದು ಮೊದಲ ಜೋಡಿ ಬರುವುದು ಸುಮಾರು ಒಂದೂವರೆಯಿಂದ ಎರಡು ವರ್ಷಕ್ಕೆ, ಎಂಟೂ ಬಂದು ಬಾಯಿಗೂಡುವುದು ನಾಲ್ಕರ ಆಸುಪಾಸಿಗೆ. ಹೇಳಿದ ವಯಸ್ಸನ್ನು ಇದರಿಂದ ತಾಳೆ ನೋಡಬಹುದು. ಗೊರಸಿನ ಎರಡು ಸೀಳುಗಳು ಸಮನಾಗಿರಬೇಕು. ಒಂದು ಇನ್ನೊಂದರ ಮೇಲೆ ತಿರುಚಿಕೊಂಡು ಬೆಳೆಯುವ ದೋಷ ವಂಶದಲ್ಲಿ ಇಳಿಯುವಂಥದ್ದು, ಆದ್ದರಿಂದ ಗೊರಸು ಕತ್ತರಿಸಿ ಸರಿಪಡಿಸಿದ ಪ್ರಾಣಿಯನ್ನು ತಳಿಗೆ ತರಬಾರದು. ಹಿಂಗಾಲು ತೀರಾ ನೆಟ್ಟಗಿದ್ದರೆ ಕೀಲು ಬೇಗ ಸವೆಯುತ್ತದೆ, ತೀರಾ ಬಾಗಿದ್ದರೆ ಹಿಮ್ಮಡಿ ಸೋಲುತ್ತದೆ. ಪ್ರಾಣಿಯನ್ನು ನಿಲ್ಲಿಸಿ ನೋಡುವುದಕ್ಕಿಂತ ನಡೆಸಿ ನೋಡುವುದು ಮೇಲು: ಹಿಂಗಾಲು ಮುಂಗಾಲು ಇಟ್ಟ ಹೆಜ್ಜೆಯ ಮೇಲೋ ಅದಕ್ಕೆ ತೀರ ಹತ್ತಿರವೋ ಬೀಳಬೇಕು. ಕೆಚ್ಚಲಿನ ತಳ ಹಿಂಗಾಲಿನ ನಡುವಿನ ಕೀಲಿಗಿಂತ ಮೇಲಿರಬೇಕು, ಮೊಲೆಗಳು ನವಜಾತ ಕರುವಿನ ಬಾಯಿಗೆ ಹಿಡಿಯುವಷ್ಟು ಸಣ್ಣವಿರಬೇಕು. ಇದನ್ನು ಕರು ಹಾಕಿದ ಮೊದಲ ದಿನವೇ ನೋಡಿ ಬರೆದಿಡಬೇಕು, ತಿಂಗಳ ನಂತರ ದೋಷ ಮರೆಯಾಗಿರುತ್ತದೆ.

ಕೂದಲನ್ನು ಅನೇಕರು ಕಡೆಗಣಿಸುತ್ತಾರೆ. ದಕ್ಷಿಣ ಆಫ್ರಿಕಾದ ವಿಜ್ಞಾನಿ ಜಾನ್ ಬೋನ್ಸ್ಮಾ ಮಾರಾ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಿಂದ ನಡೆಸಿದ ಕೆಲಸ ಈ ವಿಷಯದಲ್ಲಿ ದಾರಿತೋರಿತು. ಬಿಸಿಲ ನಾಡಿನಲ್ಲಿ ಒತ್ತಾದ ಉಣ್ಣೆಯಂಥ ಕೂದಲಿನ ದನಗಳ ಮೈಬಿಸಿ ಏರಿ, ಮೇವು ತಗ್ಗಿ, ಬೆಳವಣಿಗೆ ಕುಂಠಿತವಾಗುವುದನ್ನೂ, ಗಿಡ್ಡ, ನುಣುಪು, ಹೊಳೆಯುವ ಕೂದಲಿನವು ಅಲ್ಲಿಯೇ ಚೆನ್ನಾಗಿ ಬೆಳೆಯುವುದನ್ನೂ ಅವರು ಅಳೆದು ತೋರಿಸಿದರು. ಆಫ್ರಿಕಾನರ್, ಹೆರೆಫರ್ಡ್, ಶಾರ್ಟ್‌ಹಾರ್ನ್ ತಳಿಗಳನ್ನು ಬೆರೆಸಿ ಬೋನ್ಸ್ಮಾರಾ ತಳಿಯನ್ನು ರೂಪಿಸಿದರು. ಕೆರಿಬಿಯನ್ ದ್ವೀಪದ ಸೆನೆಪೋಲ್ ತಳಿಯ ನುಣುಪು ಕೂದಲು ಒಂದೇ ಪ್ರಬಲ ಜೀನ್‌ನಿಂದ ಬರುವಂಥದ್ದು. ಚಳಿ ಮಳೆಯ ಸ್ಕಾಟ್ಲೆಂಡಿನ ಗ್ಯಾಲೊವೇ ತಳಿಗೆ ಎರಡು ಪದರದ ದಟ್ಟ ಕೂದಲೇ ಆಸರೆ. ಹವೆ ಯಾವುದೇ ಇರಲಿ, ಚಳಿಗಾಲದ ಕೂದಲನ್ನು ಬೇಗ ಉದುರಿಸಿ ಹೊಸ ಹೊಳಪು ಪಡೆಯುವ ಹಸು ಆರೋಗ್ಯವಾಗಿದೆ. ಬೇಸಿಗೆ ನಡುವಾದರೂ ಬೆನ್ನಿನ ಮೇಲೆ ಹಳೆಯ ಕೂದಲು ಉಳಿದಿರುವ ಹಸುವನ್ನು ಗುರುತು ಹಾಕಿಟ್ಟುಕೊಳ್ಳಬೇಕು. ರಕ್ತ ಹೀರುವ ಉಣ್ಣಿ ಮತ್ತು ಜಂತುಹುಳುಗಳ ಬಾಧೆಯೂ ಹಿಂಡಿನಲ್ಲಿ ಸಮನಾಗಿ ಹಂಚಿಕೆಯಾಗಿರುವುದಿಲ್ಲ. ಕೆಲವೇ ಪ್ರಾಣಿಗಳು ಬಹುಪಾಲು ಹುಳುಗಳನ್ನು ಹೊತ್ತು ಹುಲ್ಲನ್ನೆಲ್ಲ ಮಲಿನಗೊಳಿಸುತ್ತವೆ; ಅವನ್ನು ತೆಗೆದರೆ ಔಷಧದ ಖರ್ಚೇ ಇಳಿಯುತ್ತದೆ.

ಕಡಸುಗಳನ್ನು ಆರಿಸುವಾಗ ಹಾಲು ಬಿಡಿಸುವ ದಿನ ಅತಿ ದೊಡ್ಡದಾಗಿ ಕಾಣುವುದನ್ನೇ ಉಳಿಸುವ ಆಸೆಯನ್ನು ತಡೆಯಬೇಕು. ಪ್ರತಿವರ್ಷ ಹೀಗೆ ಮಾಡಿದರೆ ಹಿಂಡಿನ ಗಾತ್ರ ಯಾರೂ ಬಯಸದೆಯೇ ಏರುತ್ತ ಹೋಗುತ್ತದೆ. ಕರು ಹಾಕುವ ಋತುವಿನ ಮೊದಲ 21 ದಿನಗಳಲ್ಲಿ ಹುಟ್ಟಿದವನ್ನು ಬೇರೆ ಮಾಡಿ, ತೀರ ದೊಡ್ಡವನ್ನೂ ತೀರ ಸಣ್ಣವನ್ನೂ ಬಿಟ್ಟು, ಅಗತ್ಯಕ್ಕಿಂತ ಹೆಚ್ಚನ್ನೇ ಹುಲ್ಲಿನಲ್ಲಿ ಬೆಳೆಸುವುದು ಸರಿ. ಬೆಳೆದ ಹಸುವಿನ ತೂಕದ ಶೇಕಡ 55ರಿಂದ 65ರಷ್ಟನ್ನು ಮುಟ್ಟಿದಾಗ, ಸುಮಾರು 14–15 ತಿಂಗಳಿಗೆ, ಅವನ್ನು ಹೋರಿಗೆ ಬಿಟ್ಟರೆ ಎರಡು ವರ್ಷಕ್ಕೆ ಕರು ಹಾಕುತ್ತವೆ. ಬಾಸ್ ಇಂಡಿಕಸ್ ರಕ್ತವಿರುವ, ಡುಬ್ಬದ ತಳಿಗಳು ತಡವಾಗಿ ಬಲಿಯುವುದರಿಂದ ಅವುಗಳಿಗೆ ಹೆಚ್ಚು ಕಾಲ ಬೇಕು. ಬೇಗ ಗಬ್ಬವಾದವನ್ನು ಉಳಿಸಿ, ಉಳಿದವನ್ನು ಮಾಂಸಕ್ಕೆ ಕೊಡಬೇಕು. ಮೊದಲ ಸೂಲಿನಲ್ಲಿ ಋತುವಿನ ಆರಂಭದಲ್ಲೇ ಕರು ಹಾಕುವ ಕಡಸು ಹಿಂಡಿನಲ್ಲಿ ಹೆಚ್ಚು ವರ್ಷ ಬಾಳುತ್ತದೆ. ಗಂಡುಕರುವಿನೊಡನೆ ಅವಳಿಯಾಗಿ ಹುಟ್ಟಿದ ಹೆಣ್ಣುಕರುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಬಂಜೆಯಾಗಿರುವುದರಿಂದ ಅಂಥದ್ದನ್ನು ಪಟ್ಟಿಗೇ ಸೇರಿಸಬಾರದು.

ಹೋರಿ

ಸ್ವಂತ ಕಡಸುಗಳನ್ನೇ ಉಳಿಸಿಕೊಳ್ಳುವ ಹಿಂಡಿನಲ್ಲಿ ಒಂದರ ಮೇಲೊಂದರಂತೆ ಬಳಸಿದ ಕೊನೆಯ ಮೂರು ಹೋರಿಗಳು ಸೇರಿ ಇಂದಿನ ಕರುಗಳ ವಂಶದ ಶೇಕಡ 87.5ರಷ್ಟನ್ನು ಕೊಟ್ಟಿರುತ್ತವೆ: ತಂದೆಯದು ಅರ್ಧ, ತಾಯಿಯ ತಂದೆಯದು ಕಾಲು, ಅಜ್ಜಿಯ ತಂದೆಯದು ಎಂಟನೆಯ ಒಂದು ಪಾಲು. ಆದುದರಿಂದ ಹಸುಗಳ ಆಯ್ಕೆಗಿಂತ ಹೋರಿಯ ಆಯ್ಕೆಗೆ ಹೆಚ್ಚು ದಿನ, ಹೆಚ್ಚು ವಿಚಾರಣೆ ಸಲ್ಲಬೇಕು. ಮೊದಲ ವಿಚಾರಣೆ ಹೋರಿಯನ್ನು ಕುರಿತದ್ದಾಗಿರದೆ ಅದರ ತಾಯಿಯನ್ನು ಕುರಿತದ್ದಾಗಿರಲಿ. ತಾಯಿಯ ವಯಸ್ಸೆಷ್ಟು, ಎಷ್ಟು ಕರು ಹಾಕಿದೆ, ಪ್ರತಿಸಲ ಯಾವ ದಿನಾಂಕಕ್ಕೆ, ಯಾರ ಸಹಾಯವಿಲ್ಲದೆಯೇ, ಏನು ತಿಂದು. ಇವುಗಳಿಗೆ ಉತ್ತರ ಸಿಗದಿದ್ದರೆ ಹೋರಿ ಎಷ್ಟು ಚೆನ್ನಾಗಿದ್ದರೂ ಕೊಳ್ಳದಿರುವುದೇ ಕ್ಷೇಮ. ಸಾಧ್ಯವಾದರೆ ತಾಯಿಯನ್ನು ಕಣ್ಣಾರೆ ನೋಡಿ ಅದರ ಕೆಚ್ಚಲನ್ನು ಪರೀಕ್ಷಿಸಬೇಕು, ಏಕೆಂದರೆ ಹೋರಿಯ ಹೆಣ್ಣುಮಕ್ಕಳಿಗೆ ಆ ಕೆಚ್ಚಲೇ ಇಳಿದು ಬರುತ್ತದೆ.

ಹೋರಿ ಬೆಳೆದ ನೆಲ ನಮ್ಮ ನೆಲದಷ್ಟೇ ಕಠಿಣವಾಗಿರಬೇಕು, ಇಲ್ಲವೇ ಇನ್ನೂ ಕಠಿಣವಾಗಿರಬೇಕು. ಮಾರಾಟಕ್ಕೆಂದು ಧಾನ್ಯ ತಿನ್ನಿಸಿ ಉಬ್ಬಿಸಿದ ಹೋರಿಯನ್ನು ಹುಲ್ಲಿಗೆ ಬಿಟ್ಟಾಗ ಅದು ಮೊದಲ ಋತುವಿನಲ್ಲೇ ಸೊರಗುತ್ತದೆ. ವೃಷಣಚೀಲದ ಕತ್ತಿನಲ್ಲಿ ಕೂಡಿದ ಕೊಬ್ಬು ಬಿಸಿ ಹೆಚ್ಚಿಸಿ ವೀರ್ಯವನ್ನು ಕೆಡಿಸುತ್ತದೆ. ಗೊರಸಿನ ಒಳ ಉರಿಯೂತ ನಡಿಗೆಯನ್ನು ಹಾಳುಮಾಡಿರುತ್ತದೆ. ಮಾತ್ರವಲ್ಲ, ಧಾನ್ಯದ ಮೇಲೆ ಮೊದಲ ಸ್ಥಾನ ಪಡೆದ ಹೋರಿ ಹುಲ್ಲಿನ ಮೇಲೂ ಮೊದಲಿರುತ್ತದೆಂಬ ಭರವಸೆಯಿಲ್ಲ. ತಳಿಮೌಲ್ಯದ ಅಂಕಿಗಳನ್ನು ಓದುವಾಗ ಇದು ನೆನಪಿರಲಿ: ಹುಟ್ಟುತೂಕ, ಹೆರಿಗೆಯ ಸುಲಭತೆ, ಬೆಳೆದ ಹಸುವಿನ ತೂಕ ಇವುಗಳ ಅಂಕಿಗಳು ನಿಜವಾಗಿ ಉಪಯುಕ್ತ, ಹಾಲು ಮತ್ತು ವರ್ಷದ ತೂಕದಲ್ಲಿ ಪಟ್ಟಿಯ ತುದಿಯಲ್ಲಿರುವ ಹೋರಿಗಿಂತ ನಡುವಿನ ಹೋರಿ ಹುಲ್ಲುಗಾವಲಿಗೆ ಒಳ್ಳೆಯದು.

ಕೊಳ್ಳುವ ಮೊದಲು, ಮತ್ತು ಅನಂತರ ಪ್ರತಿವರ್ಷ ಹಿಂಡಿಗೆ ಬಿಡುವ ಮೊದಲು, ಪಶುವೈದ್ಯರಿಂದ ಸಂತಾನಸಾಮರ್ಥ್ಯದ ಪರೀಕ್ಷೆ ಆಗಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ ಕನಿಷ್ಠ ಮಾನದಂಡದಂತೆ ವೃಷಣಚೀಲದ ಸುತ್ತಳತೆ 15 ತಿಂಗಳೊಳಗಿನ ಹೋರಿಗೆ 30 ಸೆಂಟಿಮೀಟರ್, ಎರಡು ವರ್ಷ ಮೀರಿದ್ದಕ್ಕೆ 34 ಸೆಂಟಿಮೀಟರ್ ಇರಬೇಕು. ವೀರ್ಯಾಣುಗಳಲ್ಲಿ ಶೇಕಡ 30ರಷ್ಟಾದರೂ ಮುನ್ನುಗ್ಗಿ ಚಲಿಸುವಂತಿರಬೇಕು, ಶೇಕಡ 70ರಷ್ಟಾದರೂ ಸರಿಯಾದ ಆಕಾರದಲ್ಲಿರಬೇಕು. ದೊಡ್ಡ ಸುತ್ತಳತೆಯ ಹೋರಿಯ ಹೆಣ್ಣುಮಕ್ಕಳು ಬೇಗ ಬೆದೆಗೆ ಬರುತ್ತವೆ ಎಂಬುದು ಇದರ ಇನ್ನೊಂದು ಲಾಭ. ಪರೀಕ್ಷೆ ವೀರ್ಯವನ್ನು ಅಳೆಯುತ್ತದೆಯೇ ಹೊರತು ಹೋರಿಯ ಆಸಕ್ತಿಯನ್ನಲ್ಲ. ಹಿಂಡಿಗೆ ಬಿಟ್ಟ ಮೊದಲ ವಾರಗಳಲ್ಲಿ ಅದು ಹಸುಗಳನ್ನು ಹತ್ತುತ್ತಿದೆಯೇ ಎಂದು ನಿಂತು ನೋಡಬೇಕು. ಬಲಿತ ಹೋರಿ 25ರಿಂದ 30 ಹಸುಗಳನ್ನು ನಿಭಾಯಿಸುತ್ತದೆ, ವರ್ಷದ ಹೋರಿಗೆ ಅದರ ಅರ್ಧ ಸಾಕು. ಕಾಡು ಸ್ವಭಾವದ, ಮನುಷ್ಯರನ್ನು ಕಂಡರೆ ನುಗ್ಗುವ ಹೋರಿಗೆ ವಿನಾಯಿತಿ ಬೇಡ; ಸ್ವಭಾವ ಸಾಕಷ್ಟು ಮಟ್ಟಿಗೆ ವಂಶದಲ್ಲಿ ಇಳಿಯುತ್ತದೆ.

ಹೊರಗಿನಿಂದ ತಂದ ಯಾವ ಪ್ರಾಣಿಯನ್ನೂ ನೇರವಾಗಿ ಹಿಂಡಿಗೆ ಸೇರಿಸದೆ ಒಂದು ತಿಂಗಳು ಬೇರೆ ಇಟ್ಟು, ಗರ್ಭ ಕಂದಿಸುವ ಬ್ರುಸೆಲ್ಲಾ, ಕ್ಷಯ, ಕರುಳನ್ನು ಕೆಡಿಸುವ ಜೋನ್ಸ್ ರೋಗ, ಗೋವಿನ ವೈರಲ್ ಭೇದಿ ಇವುಗಳಿಗೆ ಪರೀಕ್ಷೆ ಮಾಡಿಸಬೇಕು; ಈಗಾಗಲೇ ಬೇರೆ ಹಿಂಡಿನಲ್ಲಿ ಬಳಸಿದ ಹೋರಿಯಾದರೆ ಕೂಡಿಕೆಯಿಂದ ಹರಡುವ ಟ್ರೈಕೊಮೊನಾಸ್ ಮತ್ತು ಕ್ಯಾಂಪಿಲೊಬ್ಯಾಕ್ಟರ್ ಸೋಂಕುಗಳ ಪರೀಕ್ಷೆಯೂ ಅಗತ್ಯ, ಏಕೆಂದರೆ ಹೋರಿಯಲ್ಲಿ ಇವು ಯಾವ ಲಕ್ಷಣವನ್ನೂ ತೋರದೆ ಹಸುಗಳ ಗರ್ಭವನ್ನು ಕಳೆಯುತ್ತವೆ. ದೂರದಿಂದ ತರುವುದಾದರೆ ಎಳೆಯದನ್ನು ತರುವುದು ಮೇಲು. ಯಾವ ಗಿಡ ತಿನ್ನಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ದನ ಬಹುಮಟ್ಟಿಗೆ ಎಳವೆಯಲ್ಲಿ ತಾಯಿಯ ಜತೆ ಮೇಯುತ್ತ ಕಲಿಯುವುದರಿಂದ, ಬಲಿತ ಹಸು ಹೊಸ ನೆಲದಲ್ಲಿ ಮೊದಲ ವರ್ಷ ಸೊರಗುತ್ತದೆ. ಆ ಒಂದು ವರ್ಷದ ಸೊರಗನ್ನು ವಂಶದ ದೋಷವೆಂದು ಎಣಿಸಬಾರದು, ಎರಡನೆಯ ವರ್ಷವೂ ಮುಂದುವರಿದರೆ ಎಣಿಸಬೇಕು.

ಸ್ವಂತ ಹಿಂಡಿನ ಹಳೆಯ ಹಸುಗಳ ಗಂಡುಮಕ್ಕಳನ್ನು ಬಳಸತೊಡಗಿದ ಮೇಲೆ ರಕ್ತಸಂಬಂಧದ ಲೆಕ್ಕ ತಪ್ಪಬಾರದು. ತಂದೆ ಮಗಳ ಕೂಡಿಕೆಯಿಂದ ಹುಟ್ಟಿದ ಕರುವಿನ ಒಳಸಂತಾನದ ಪ್ರಮಾಣ ಶೇಕಡ 25, ಒಂದೇ ತಂದೆಯ ಮಕ್ಕಳ ಕೂಡಿಕೆಯದು ಶೇಕಡ 12.5, ಇದು ಏರಿದಂತೆ ಮೊದಲು ಕುಗ್ಗುವುದು ನಾವು ಕಷ್ಟಪಟ್ಟು ಕೂಡಿಸಿದ ಗರ್ಭಧಾರಣೆಯ ಗುಣವೇ. ಹೋರಿಯ ಮೊದಲ ಹೆಣ್ಣುಮಕ್ಕಳು ಬೆದೆಗೆ ಬರುವ ವರ್ಷ ಅದನ್ನು ಬದಲಿಸುವುದು, ಇಲ್ಲವೇ ಹಿಂಡನ್ನು ಎರಡು ಗುಂಪಾಗಿ ಮಾಡಿ ಒಂದರಲ್ಲಿ ಹುಟ್ಟಿದ ಹೋರಿಯನ್ನು ಇನ್ನೊಂದಕ್ಕೆ ಬಿಡುವುದು ಸರಳ ಉಪಾಯ. ಇದಕ್ಕೆ ಬೇಕಾದದ್ದು ಪ್ರತಿ ಪ್ರಾಣಿಯ ಕಿವಿಗೆ ಒಂದು ಸಂಖ್ಯೆ, ಮತ್ತು ತಾಯಿ, ತಂದೆ, ಹುಟ್ಟಿದ ದಿನಾಂಕ, ದೇಹಸ್ಥಿತಿಯ ಅಂಕ, ಚಿಕಿತ್ಸೆ ಬೇಕಾದ ಸಂದರ್ಭಗಳನ್ನು ಬರೆಯುವ ಒಂದು ಪುಸ್ತಕ. ಕರುವನ್ನು ಎಳೆದು ತೆಗೆಯಬೇಕಾದ ಹಸು, ಈಯುವ ಮೊದಲೇ ಯೋನಿ ಹೊರಬಂದ ಹಸು, ಕರುವನ್ನು ಒಲ್ಲದ ಹಸು ಇವುಗಳ ಸಂಖ್ಯೆಯನ್ನು ಆ ಪುಸ್ತಕದಲ್ಲಿ ಅಂದೇ ಗುರುತಿಸಿ, ಹಾಲು ಬಿಡಿಸುವ ದಿನ ಅವುಗಳ ಜತೆ ಅವುಗಳ ಹೆಣ್ಣುಕರುಗಳನ್ನೂ ಮಾರುವ ಗುಂಪಿಗೆ ಸೇರಿಸಬೇಕು.